ಹಿಂದೆಯೇ ಬರುವ ಕರೆ

ಮನೆಗೆ ಬೀಗ ಹಾಕಿಕೊಂಡು ಪರಸ್ಥಳಕ್ಕೆ ಹೋದವನ ಹೆಸರಿಗೆ ಬಂದ ಕಾಗದದ ಗತಿ ಏನಾಗುತ್ತದೆ? ಬಾಗಿಲ ಸಂದಿಯಲ್ಲಿ ಒಳಗೆ ಬಿದ್ದು, ಅವನು ಮರಳುವವರೆಗೆ ಧೂಳು ಕುಡಿಯುತ್ತ ಕಾದಿರುತ್ತದೆ. ಹೊರಡುವ ಮುನ್ನ ಅವನು ಅಂಚೆ ಕಚೇರಿಗೆ ಹೋಗಿ, “ಇಂಥ ದಿನದಿಂದ ನನ್ನ ಕಾಗದಗಳನ್ನು ಇಂಥ ವಿಳಾಸಕ್ಕೆ ಕಳುಹಿಸಬೇಕು” ಎಂದು ಬರೆದುಕೊಟ್ಟಿದ್ದರೆ ಮಾತು ಬೇರೆ. ಅಂಚೆಯವರು ಹಳೆಯ ವಿಳಾಸದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಕಾಗದವನ್ನು ಅವನ ಹಿಂದೆಯೇ ಅಟ್ಟುತ್ತಾರೆ. ಕಾಗದ ಬರೆದವರಿಗೆ ಈ ಅಲೆದಾಟದ ಸುದ್ದಿಯೇ ಇರುವುದಿಲ್ಲ.

ಇದೇ ಉಪಚಾರವನ್ನು ದೂರವಾಣಿಯೂ ಮಾಡಬಲ್ಲುದು. ಕಾಲ್ ಫಾರ್ವರ್ಡಿಂಗ್ ಎಂದು ಎಲ್ಲರ ಬಾಯಲ್ಲಿರುವ ಈ ಸೌಲಭ್ಯವನ್ನು ನಾವು ಕರೆ ವರ್ಗಾವಣೆ ಎಂದು ಕರೆಯೋಣ. ಅದರಲ್ಲಿಯೂ ಅಂಕೀಯ ದೂರವಾಣಿಯ ತಂತಿಗೆ ಒಂದು ಗಣಕಯಂತ್ರವನ್ನು ಜೋಡಿಸಿ, ಅದರ ಮುಖಾಂತರ ಈ ಏರ್ಪಾಡು ಮಾಡಿಕೊಳ್ಳುವುದು ಹೇಗೆ ಎಂಬುದು ನನ್ನ ಇಂದಿನ ವಿಷಯ. ನಾನು ಎಂಜಿನಿಯರನಲ್ಲ, ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವನು. ವ್ಯಾಕರಣ ಕಲಿಸಿದವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ: ಯಾವ ವಾಕ್ಯ ಕಿವಿಗೆ ಬಿದ್ದರೂ ಅದರ ಕರ್ತೃ ಯಾರೆಂದು ಹುಡುಕುವುದು. “ಕರೆ ತಿರುಗಿತು” ಎನ್ನುತ್ತೇವೆ. ಕರೆ ತಾನಾಗಿ ತಿರುಗುವುದುಂಟೆ? ತಿರುಗಿಸಿದವರು ಯಾರು? ಎಲ್ಲಿ ನಿಂತು ತಿರುಗಿಸಿದರು? ಈ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡರೆ ವಿಷಯದ ಮುಕ್ಕಾಲು ಪಾಲು ತಿಳಿದಂತೆಯೇ ಸರಿ.

ಪ್ರಶ್ನೆ ಹೊಸದೇನಲ್ಲ, ದೂರವಾಣಿಯಷ್ಟೇ ಹಳೆಯದು. ಆರಂಭದ ದಿನಗಳಲ್ಲಿ ವಿನಿಮಯ ಕೇಂದ್ರದಲ್ಲಿ, ಅಂದರೆ ಎಕ್ಸ್‌ಚೇಂಜಿನಲ್ಲಿ, ಒಬ್ಬರು ಕುಳಿತು, ಕರೆದವರಿಗೆ ಬೇಕಾದವರ ತಂತಿಯನ್ನು ಕೈಯಿಂದಲೇ ಜೋಡಿಸಿಕೊಡುತ್ತಿದ್ದರು. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತನೊಬ್ಬನಿದ್ದ. ಮೊದಲು ಶಾಲೆಯ ಮೇಷ್ಟರು. ಆಮೇಲೆ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ವೃತ್ತಿ ಹಿಡಿದವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾರೆಂಬ ಗುಮಾನಿ ಅವನಿಗೆ ಬಂದು, ಮನುಷ್ಯನ ಕೈಯೇ ಬೇಡವೆಂದು ಒಂದು ಯಂತ್ರವನ್ನು ಹೂಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಕಥೆಯ ಸತ್ಯಾಸತ್ಯತೆ ಹೇಗೂ ಇರಲಿ, 1891ರಲ್ಲಿ ಅವನಿಗೆ ಪೇಟೆಂಟ್ ದೊರೆತದ್ದೂ, ಮರುವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಆ ಬಗೆಯ ಮೊದಲ ಸ್ವಯಂಚಾಲಿತ ಕೇಂದ್ರ ತೆರೆದದ್ದೂ ಇತಿಹಾಸ. ಚಂದಾದಾರ ಕಳುಹಿಸಿದ ಒಂದೊಂದು ಅಂಕಿಗೂ ಕೇಂದ್ರದೊಳಗಿನ ಲೋಹದ ತೋಳು ಅದಕ್ಕೆ ತಕ್ಕಷ್ಟು ಮೆಟ್ಟಿಲು ಸರಿದು, ಸರಿಯಾದ ತಂತಿಯನ್ನು ತಾನೇ ಮುಟ್ಟುತ್ತಿತ್ತು.

ಆ ಯಂತ್ರ ಪ್ರಾಮಾಣಿಕ; ಆದರೆ ಮರೆಗುಳಿ. ಅಂಕಿಗೆ ತಕ್ಕಂತೆ ತೋಳು ಸರಿಯುವುದೊಂದೇ ಅದಕ್ಕೆ ಗೊತ್ತು. “ಯಜಮಾನರು ಈ ವಾರ ಊರಲ್ಲಿಲ್ಲ, ಕರೆ ಬಂದರೆ ಅವರ ಅಳಿಯನ ಮನೆಗೆ ಕಳುಹಿಸು” ಎಂದು ಹೇಳಿಟ್ಟರೆ ನೆನಪಿಡಲು ಅದಕ್ಕೆ ಮನಸ್ಸೆಂಬುದಿರಲಿಲ್ಲ. ಅಪ್ಪಣೆಯನ್ನು ನೆನಪಿಡಬಲ್ಲ ಕೇಂದ್ರ ಬರಲು ಬಹಳ ಕಾಲ ಹಿಡಿಯಿತು. 1965ರಲ್ಲಿ ಅಮೆರಿಕದ ನ್ಯೂ ಜರ್ಸಿ ರಾಜ್ಯದ ಸಕಸನ್ನಾ ಎಂಬ ಊರಿನಲ್ಲಿ ಬೆಲ್ ಸಂಸ್ಥೆಯವರು ಒಂದು ವಿದ್ಯುನ್ಮಾನ ಕೇಂದ್ರವನ್ನು ತೆರೆದರು. ಅದರ ನಡವಳಿಕೆಯನ್ನೆಲ್ಲ ಸ್ಮೃತಿಯಲ್ಲಿ ಬರೆದಿಟ್ಟ ಆದೇಶಗಳು ನಿರ್ಧರಿಸುತ್ತಿದ್ದವು. ತಂತಿಗಳನ್ನು ಬದಲಿಸದೆ ಬರವಣಿಗೆಯನ್ನು ಬದಲಿಸಿದರೆ ಕೇಂದ್ರದ ವರ್ತನೆಯೇ ಬದಲಾಗುತ್ತಿತ್ತು. ಕರೆ ವರ್ಗಾವಣೆ ಚಂದಾದಾರನ ಕೈಗೆ ಬರುವಂತಾದದ್ದು ಇಂಥ ಕೇಂದ್ರಗಳಿಂದ. ನಮ್ಮ ದೇಶದಲ್ಲಿ 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದು ಹಳ್ಳಿಗಳಿಗೆಂದು ರೂಪಿಸಿದ ಚಿಕ್ಕ ಅಂಕೀಯ ಕೇಂದ್ರ 1986ರಲ್ಲಿ ಮೊದಲು ನೆಲೆಗೊಂಡದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಕೊಠಡಿಯನ್ನು ಬೇಡದೆ, ನಮ್ಮ ಬಿಸಿಲಿಗೂ ಧೂಳಿಗೂ ಅಂಜದೆ ಅದು ಕೆಲಸ ಮಾಡಿತು. ಚೆನ್ನಮ್ಮನ ಊರಿಗೆ ಸಲ್ಲತಕ್ಕ ಹೆಮ್ಮೆಯೇ ಅದು.

ಇನ್ನು ಅಂಕೀಯ ತಂತಿ ಎಂದರೇನು, ನೋಡೋಣ. ಹಳೆಯ ತಂತಿಯಲ್ಲಿ ನಮ್ಮ ದನಿ ವಿದ್ಯುತ್ತಿನ ಅಲೆಯಾಗಿ, ದನಿ ಏರಿದಂತೆ ಏರುತ್ತ, ಇಳಿದಂತೆ ಇಳಿಯುತ್ತ ಹೋಗುತ್ತಿತ್ತು. ಅಂಕೀಯ ಪದ್ಧತಿಯಲ್ಲಿ ಆ ಅಲೆಯ ಎತ್ತರವನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ ಸೊನ್ನೆ ಮತ್ತು ಒಂದು ಎಂಬ ಎಂಟು ಗುರುತುಗಳಲ್ಲಿ ಬರೆಯುತ್ತಾರೆ. ಎಂಟು ಸಾವಿರವನ್ನು ಎಂಟರಿಂದ ಗುಣಿಸಿದರೆ ಸೆಕೆಂಡಿಗೆ 64,000 ಗುರುತುಗಳು. ಒಬ್ಬರ ಮಾತನ್ನು ಸಾಗಿಸಲು ಇಷ್ಟು ಬೇಕು. 1980ರ ದಶಕದಲ್ಲಿ ಅಂತರರಾಷ್ಟ್ರೀಯ ಒಪ್ಪಂದದಿಂದ ರೂಪುಗೊಂಡ ಐ.ಎಸ್.ಡಿ.ಎನ್. ಎಂಬ ಸಂಪರ್ಕ, ಮನೆಯ ಒಂದು ಜೊತೆ ತಾಮ್ರದ ತಂತಿಯಲ್ಲಿಯೇ ಇಂಥ ಎರಡು ಕಾಲುವೆಗಳನ್ನು ಹರಿಸಿತು. ಒಂದರಲ್ಲಿ ತಂದೆ ಮಾತಾಡುತ್ತಿದ್ದರೆ ಇನ್ನೊಂದರಲ್ಲಿ ಮಗಳು ಮಾತಾಡಬಹುದಾಗಿತ್ತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಎರಡು ಕಾಲುವೆಗಳಲ್ಲ. ಅವುಗಳ ಪಕ್ಕದಲ್ಲಿ ಹರಿಯುವ ಮೂರನೆಯ ಕಿರುಗಾಲುವೆ. ಅದರ ವೇಗ ಸೆಕೆಂಡಿಗೆ 16,000 ಗುರುತುಗಳು ಮಾತ್ರ. ಅದರಲ್ಲಿ ಯಾರ ಮಾತೂ ಹರಿಯುವುದಿಲ್ಲ. ಅದು ಮನೆಯ ಉಪಕರಣಕ್ಕೂ ವಿನಿಮಯ ಕೇಂದ್ರಕ್ಕೂ ನಡುವೆ ನಡೆಯುವ ಕಾರುಬಾರಿನ ದಾರಿ. “ನಿಮಗೊಂದು ಕರೆ ಬಂದಿದೆ, ಕರೆಯುತ್ತಿರುವವರ ಸಂಖ್ಯೆ ಇದು” ಎಂದು ಕೇಂದ್ರ ತಿಳಿಸುವುದು ಅದರಲ್ಲಿ; “ಎತ್ತಿಕೊಂಡೆ” ಎಂದು ಮನೆ ಉತ್ತರಿಸುವುದೂ ಅದರಲ್ಲಿ. ಜಾತ್ರೆಯ ಜನ ತೇರಬೀದಿಯಲ್ಲಿ ನಡೆಯುತ್ತಿರುವಾಗ ಪಾರುಪತ್ಯಗಾರರು ಹಿಂದಿನ ಓಣಿಯಲ್ಲಿ ಓಡಾಡಿ ವ್ಯವಸ್ಥೆ ನೋಡಿಕೊಳ್ಳುವುದಿಲ್ಲವೆ, ಹಾಗೆ. ಕರೆ ವರ್ಗಾವಣೆಯ ಅಪ್ಪಣೆ ಸಾಗುವುದು ಈ ಹಿಂದಿನ ಓಣಿಯಲ್ಲಿ.

ಈ ಪದ್ಧತಿ ಮನೆಮನೆಗೆ ಇಳಿದ ದೇಶಗಳಲ್ಲಿ ಜರ್ಮನಿ ಮುಖ್ಯವಾದದ್ದು. 1987ರಲ್ಲಿ ಮಾನ್‌ಹೈಮ್ ಮತ್ತು ಸ್ಟುಟ್‌ಗಾರ್ಟ್ ನಗರಗಳಲ್ಲಿ ಪ್ರಯೋಗ ನಡೆದು, 1989ರಿಂದ ಅದು ಸಾರ್ವಜನಿಕರಿಗೆ ದೊರೆಯಿತು. ನನ್ನ ತಮ್ಮ ಆ ದೇಶದಲ್ಲಿ ಎಂಜಿನಿಯರಾಗಿ ನೆಲೆಸಿದ್ದ ಕಾಲದಲ್ಲಿ, 2002ರ ಬೇಸಗೆಯಲ್ಲಿ, ಅವನ ಮನೆಯಲ್ಲಿ ನಾನು ಎರಡು ತಿಂಗಳಿದ್ದೆ. ಗಣಕಯಂತ್ರದಿಂದ ಕರೆಗಳನ್ನು ಅವನು ತಿರುಗಿಸುವುದನ್ನು ಎಷ್ಟೋ ಸಲ ಪಕ್ಕದಲ್ಲಿ ಕುಳಿತು ನೋಡಿದೆ. ಅದರ ಕ್ರಮ ಹೀಗಿತ್ತು.

ಗೋಡೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ. ಹೊರಗಿನ ತಂತಿ ಅಲ್ಲಿಗೆ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ಮನೆಯೊಳಗೆ ಹರಿಯುವ ತಂತಿಗೆ ಎಂಟು ಉಪಕರಣಗಳವರೆಗೆ ಜೋಡಿಸಬಹುದು. ದೂರವಾಣಿ ಒಂದು, ಫ್ಯಾಕ್ಸ್ ಒಂದು. ಗಣಕಯಂತ್ರವೂ ಅವುಗಳ ಸಾಲಿನಲ್ಲಿ ಒಂದು. ಅದಕ್ಕಾಗಿ ಗಣಕದೊಳಗೆ ಐ.ಎಸ್.ಡಿ.ಎನ್. ಕಾರ್ಡ್ ಎಂಬ ಹಲಗೆಯನ್ನು ಕೂರಿಸಿ, ಅದರಿಂದ ಆ ತಂತಿಗೆ ಕೊಂಡಿ ಹಾಕುತ್ತಾರೆ. ಹಲಗೆಯನ್ನು ಯಾರೇ ತಯಾರಿಸಿರಲಿ, ಗಣಕದ ತಂತ್ರಾಂಶ ಅದರೊಡನೆ ಒಂದೇ ಭಾಷೆಯಲ್ಲಿ ವ್ಯವಹರಿಸಲೆಂದು ಕಾಪಿ ಎಂಬ ಸಾಮಾನ್ಯ ಕಟ್ಟಳೆಯನ್ನು ಜರ್ಮನಿಯ ತಯಾರಕರು ಕೂಡಿ ಮಾಡಿಕೊಂಡಿದ್ದರು. ಇಷ್ಟರ ಜೊತೆಗೆ ದೂರವಾಣಿ ಸಂಸ್ಥೆ ಆ ಸಂಪರ್ಕಕ್ಕೆ ವರ್ಗಾವಣೆಯ ಸೌಲಭ್ಯವನ್ನು ಕೊಟ್ಟಿರಬೇಕು. ಅದಿಲ್ಲದಿದ್ದರೆ ಕೇಂದ್ರ ಅಪ್ಪಣೆಯನ್ನು ಕೇಳಿಸಿಕೊಂಡು ತಿರಸ್ಕರಿಸುತ್ತದೆ.

ತಂತ್ರಾಂಶವನ್ನು ತೆರೆದರೆ ತೆರೆಯ ಮೇಲೆ ತುಂಬಬೇಕಾದ ಮೂರು ವಿವರಗಳು ಕಾಣುತ್ತವೆ. ಮೊದಲನೆಯದು, ಯಾವ ಸಂಖ್ಯೆಯ ಕರೆಗಳು ಎಂಬುದು. ಒಂದೇ ಸಂಪರ್ಕಕ್ಕೆ ಸಾಮಾನ್ಯವಾಗಿ ಮೂರು ಸಂಖ್ಯೆಗಳಿರುತ್ತಿದ್ದುದರಿಂದ, ಮನೆಯ ಸಂಖ್ಯೆಯನ್ನು ಮಾತ್ರ ತಿರುಗಿಸಿ ಕಸುಬಿನದನ್ನು ಇದ್ದಲ್ಲಿಯೇ ಬಿಡಬಹುದಾಗಿತ್ತು. ಎರಡನೆಯದು, ಯಾವ ಸಂದರ್ಭದಲ್ಲಿ ಎಂಬುದು. ಇಲ್ಲಿ ಮೂರು ಆಯ್ಕೆಗಳುಂಟು: ಬಂದ ಕರೆಗಳೆಲ್ಲವನ್ನೂ ಗಂಟೆ ಬಾರಿಸದೆ ನೇರವಾಗಿ ತಿರುಗಿಸುವುದು, ಸಂಖ್ಯೆ ಬೇರೆ ಮಾತಿನಲ್ಲಿ ತೊಡಗಿದ್ದಾಗ ಮಾತ್ರ ತಿರುಗಿಸುವುದು, ಗಂಟೆ ಬಾರಿಸಿಯೂ ಕೆಲವು ಸೆಕೆಂಡುಗಳವರೆಗೆ ಯಾರೂ ಎತ್ತದಿದ್ದರೆ ತಿರುಗಿಸುವುದು. ಮೂರನೆಯದು, ಯಾವ ಸಂಖ್ಯೆಗೆ ಎಂಬುದು. ತುಂಬಿ ಗುಂಡಿ ಒತ್ತಿದರೆ, ಗಣಕ ಇದನ್ನೆಲ್ಲ ಒಂದು ಚಿಕ್ಕ ಸಂದೇಶವಾಗಿ ಮಡಿಸಿ ಕಿರುಗಾಲುವೆಯಲ್ಲಿ ತೇಲಿಬಿಡುತ್ತದೆ. ಕೇಂದ್ರ ಅದನ್ನು ಓದಿ, ಒಪ್ಪಿಗೆಯಾದರೆ ಒಪ್ಪಿಗೆಯೆಂದೂ, ಇಲ್ಲವಾದರೆ ಕಾರಣವನ್ನು ಸೂಚಿಸಿ ಇಲ್ಲವೆಂದೂ ಉತ್ತರ ಕಳುಹಿಸುತ್ತದೆ. ಆ ಉತ್ತರ ತೆರೆಯ ಮೇಲೆ ಬಂದ ಮೇಲೆಯೇ ಅಪ್ಪಣೆ ಜಾರಿಯಾಯಿತೆಂದು ತಿಳಿಯಬೇಕು. ಇದೇ ದಾರಿಯಲ್ಲಿ “ಈಗ ನನ್ನ ಕರೆಗಳು ಎಲ್ಲಿಗೆ ಹೋಗುತ್ತಿವೆ?” ಎಂದು ಕೇಂದ್ರವನ್ನು ವಿಚಾರಿಸಬಹುದು, “ಇನ್ನು ಸಾಕು, ರದ್ದುಮಾಡು” ಎಂದೂ ಹೇಳಬಹುದು.

ಗಣಕವಿಲ್ಲದವರು ಇದೇ ಅಪ್ಪಣೆಯನ್ನು ದೂರವಾಣಿಯ ಗುಂಡಿಗಳಿಂದ ಕೊಡುತ್ತಿದ್ದರು. ನಕ್ಷತ್ರ, ಎರಡು, ಒಂದು, ನಕ್ಷತ್ರ, ಆಮೇಲೆ ಬೇಕಾದ ಸಂಖ್ಯೆ, ಕೊನೆಗೆ ಹ್ಯಾಷ್ ಎಂಬ ಜಾಲರಿಯ ಗುರುತು. ಯಾರೂ ಎತ್ತದಿದ್ದರೆ ಎಂಬುದಕ್ಕೆ 21ರ ಬದಲು 61. ತೊಡಗಿದ್ದರೆ ಎಂಬುದಕ್ಕೆ 67. ಬೀಜಮಂತ್ರದಂತಿರುವ ಈ ಅಂಕಿಗಳನ್ನು ನೆನಪಿಡುವ ಶ್ರಮವನ್ನು ಗಣಕ ತಪ್ಪಿಸಿ, ಓದಿ ತುಂಬಬಹುದಾದ ಅರ್ಜಿಯ ರೂಪಕ್ಕೆ ಇಳಿಸಿತು. ಅದು ಮಾಡಿದ ಉಪಕಾರ ಅಷ್ಟೇ.

ಇಲ್ಲಿಗೆ ಕರ್ತೃವಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಕರೆಯನ್ನು ತಿರುಗಿಸುತ್ತಿರುವುದು ಗಣಕಯಂತ್ರವಲ್ಲ. ಅದು ಅರ್ಜಿ ಬರೆದುಕೊಟ್ಟ ಗುಮಾಸ್ತ. ಅಪ್ಪಣೆ ಇರುವುದು ವಿನಿಮಯ ಕೇಂದ್ರದ ಸ್ಮೃತಿಯಲ್ಲಿ. ಆದ್ದರಿಂದ ಗಣಕವನ್ನು ಆರಿಸಿ, ಮನೆಯ ವಿದ್ಯುತ್ತನ್ನೂ ಕಡಿದು, ಬೀಗ ಹಾಕಿಕೊಂಡು ಹೊರಟರೂ ವರ್ಗಾವಣೆ ನಡೆದೇ ಇರುತ್ತದೆ. ಅರ್ಜಿದಾರ ಊರು ಬಿಟ್ಟ ಮೇಲೂ ಅಂಚೆಯವರು ಕಾಗದ ಅಟ್ಟುವುದಿಲ್ಲವೆ? ಅದರಂತೆಯೇ ಇದು. ಅಪ್ಪಣೆ ಕೊಟ್ಟ ಉಪಕರಣ ಆರಬಹುದು, ಅಪ್ಪಣೆ ಆರದು.

ಗಣಕವೇ ನಿಜವಾಗಿ ನಿರ್ಧಾರ ಕೈಗೊಳ್ಳುವ ಬಗೆಯೂ ಒಂದುಂಟು. ಕರೆ ಬಂತೆಂದು ಕೇಂದ್ರ ತಿಳಿಸಿದೊಡನೆ, ಅದನ್ನು ಎತ್ತಿಕೊಳ್ಳುವ ಮೊದಲೇ, ಕರೆಯುವವರ ಸಂಖ್ಯೆಯನ್ನೂ ಆಗಿನ ವೇಳೆಯನ್ನೂ ನೋಡಿ, “ಈ ಒಂದು ಕರೆಯನ್ನು ಅಲ್ಲಿಗೆ ಕಳುಹಿಸು” ಎಂದು ಗಣಕ ಉತ್ತರಿಸಬಹುದು. ಮನೆಯವರ ಕರೆಯಾದರೆ ಕೈಯಲ್ಲಿನ ಫೋನಿಗೆ, ಕಚೇರಿಯದಾದರೆ ಸಹೋದ್ಯೋಗಿಗೆ, ಎಂದು ವಿಂಗಡಿಸಬಹುದು. ಆಗ ಮಾತ್ರ ಗಣಕ ಹಗಲಿರುಳೂ ಎಚ್ಚರವಾಗಿರಬೇಕು; ಆರಿದರೆ ವಿವೇಚನೆಯೂ ಆರಿತು. ಇನ್ನೊಂದು ದಾರಿಯಲ್ಲಿ ಗಣಕ ಕರೆಯನ್ನು ಒಂದು ಕಾಲುವೆಯಲ್ಲಿ ತಾನೇ ಎತ್ತಿಕೊಂಡು, ಎರಡನೆಯ ಕಾಲುವೆಯಲ್ಲಿ ಹೊರಗೆ ಹೊಸ ಕರೆ ಮಾಡಿ, ಎರಡನ್ನೂ ಬೆಸೆಯುತ್ತದೆ. ಹಾಗೆ ಮಾಡಿದರೆ ಎರಡು ಕಾಲುವೆಗಳೂ ತುಂಬಿ, ಮೂರನೆಯವರಿಗೆ ಆ ಸಂಪರ್ಕ ಮುಚ್ಚಿದ ಬಾಗಿಲು. ದೀರ್ಘಕಾಲ ಊರು ಬಿಡುವವರಿಗೆ ಕೇಂದ್ರದಲ್ಲಿಯೇ ಅಪ್ಪಣೆ ಇಟ್ಟು ಹೋಗುವುದು ಕ್ಷೇಮವೆನ್ನುವುದು ಇದಕ್ಕಾಗಿ.

ನನ್ನ ತಮ್ಮ ಈ ಏರ್ಪಾಡು ಮಾಡಿಕೊಂಡದ್ದು ವ್ಯಾಪಾರಕ್ಕಲ್ಲ, ನಮ್ಮ ತಾಯಿಗಾಗಿ. ಸಾಗರದ ಮನೆಯಲ್ಲಿ ಅಡುಗೆಕೋಣೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಮ್ಮ ಅವನ ಮನೆಯ ಸಂಖ್ಯೆಯೊಂದನ್ನು ಬರೆದುಕೊಂಡಿದ್ದರು. ಕಚೇರಿಯ ಸಂಖ್ಯೆ, ಕೈಫೋನಿನ ಸಂಖ್ಯೆ ಎಂದು ನಾವು ಕೊಡಲು ಹೋದರೆ, “ಒಬ್ಬ ಮಗನಿಗೆ ಒಂದು ನಂಬರು ಸಾಲದೇನೋ?” ಎಂದುಬಿಟ್ಟರು. ಯೋಚಿಸಿದರೆ ಅವರ ಮಾತೇ ನ್ಯಾಯ. ಅಲೆಯುವವನು ಮಗ, ಅವನು ಎಲ್ಲೆಲ್ಲಿರುತ್ತಾನೆಂಬ ಪಟ್ಟಿಯನ್ನು ಮನೆಯಲ್ಲಿ ಕುಳಿತ ತಾಯಿ ಏಕೆ ಇಟ್ಟುಕೊಳ್ಳಬೇಕು? ಇರುವ ತಾವನ್ನು ತಿಳಿಸುವ ಹೊಣೆ ಹೋಗುವವನದು. 2003ರ ಜನವರಿಯ ಒಂದು ಬೆಳಗಿನ ಜಾವ ನಮ್ಮ ತಂದೆಯವರ ಕಾಯಿಲೆ ಉಲ್ಬಣಿಸಿದಾಗ ಅಮ್ಮ ಆ ಒಂದೇ ಸಂಖ್ಯೆಗೆ ಕರೆ ಮಾಡಿಸಿದರು. ತಮ್ಮ ಆ ರಾತ್ರಿ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ. ಅವನು ಫೋನೆತ್ತಿದ, ಮೂರನೆಯ ದಿನ ಊರು ಸೇರಿದ. ತಂದೆಯವರು ಅವನ ಗುರುತು ಹಿಡಿದು ಎರಡು ಮಾತಾಡಿದರು. ಮಗ ಯಾವ ಊರಿನಿಂದ ಉತ್ತರ ಕೊಟ್ಟನೆಂಬುದು ಅಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಈ ಹೊಣೆಯ ತತ್ತ್ವ ಲೆಕ್ಕಪತ್ರದಲ್ಲಿಯೂ ಇದೆ. ಆ ಪದ್ಧತಿಯಲ್ಲಿ ಕರೆದವರು ತಾವು ಒತ್ತಿದ ಸಂಖ್ಯೆಯವರೆಗಿನ ಹಣವನ್ನು ಮಾತ್ರ ಕೊಡುತ್ತಾರೆ. ಅಲ್ಲಿಂದ ಮುಂದಿನ ಹಾದಿಯ ಖರ್ಚು ತಿರುಗಿಸಿದವನ ತಲೆಯ ಮೇಲೆ. ಪಕ್ಕದ ಬೀದಿಗೆ ಕರೆ ಮಾಡಿದೆನೆಂದುಕೊಂಡವರು ಪರದೇಶದ ದರ ತೆರಬೇಕಾಗಿ ಬರುವುದು ಅನ್ಯಾಯವಷ್ಟೆ. ಇನ್ನು, ಇವನು ಅವನ ಮನೆಗೆ, ಅವನು ಇವನ ಮನೆಗೆ ಕರೆಗಳನ್ನು ತಿರುಗಿಸಿಕೊಂಡರೆ? ಕರೆ ಗಾಣದೆತ್ತಿನಂತೆ ಸುತ್ತುತ್ತಲೇ ಇರಬೇಕಾಗುತ್ತದೆ. ಅದಕ್ಕಾಗಿ ಒಂದು ಕರೆ ಇಂತಿಷ್ಟು ಸಲ ಮಾತ್ರ ತಿರುಗಬಹುದೆಂಬ ಮಿತಿಯಿದೆ. ಯೂರೋಪಿನ ಕಟ್ಟಳೆಯಲ್ಲಿ ಅದು ಐದನ್ನು ಮೀರುವಂತಿಲ್ಲ. ಆದರೆ ಒಂದು ವಿಷಯಕ್ಕೆ ಯಂತ್ರದಲ್ಲಿ ಕಟ್ಟಳೆಯಿಲ್ಲ: ಕರೆಗಳು ಯಾರ ಮನೆಗೆ ತಿರುಗುತ್ತವೆಯೋ ಆ ಮನೆಯವರ ಒಪ್ಪಿಗೆಯನ್ನು ಕೇಂದ್ರ ಮುಂದಾಗಿ ಕೇಳುವುದಿಲ್ಲ. ಅದನ್ನು ಕೇಳಬೇಕಾದವರು ನಾವು. ನಮ್ಮ ಬೀಗದ ಕೈಯನ್ನು ನೆರೆಯವರಲ್ಲಿ ಇಟ್ಟು ಹೋಗುವಾಗ ಒಂದು ಮಾತು ಹೇಳಿ ಹೋಗುತ್ತೇವೆ. ನಮ್ಮ ಕರೆಗಳನ್ನು ಅವರ ಮನೆಗೆ ಬಿಡುವಾಗಲೂ ಹಾಗೆಯೇ.

ಜರ್ಮನಿಯ ಆ ಪದ್ಧತಿಯೂ ಹಳತಾಯಿತು. ದೂರವಾಣಿಯ ಮಾತೆಲ್ಲ ಇಂಟರ್ನೆಟ್ಟಿನ ದಾರಿ ಹಿಡಿದು, 2020ರ ಸುಮಾರಿಗೆ ಅಲ್ಲಿಯ ಐ.ಎಸ್.ಡಿ.ಎನ್. ಸಂಪರ್ಕಗಳು ಬಹುಮಟ್ಟಿಗೆ ಮುಗಿದವು. ಆದರೆ ಅದರ ಅಂಕಿಗಳು ಸಾಯಲಿಲ್ಲ. 21, 61, 67 ಎಂಬ ಅವೇ ಸಂಕೇತಗಳು ಜಿ.ಎಸ್.ಎಂ. ಮೊಬೈಲ್ ಫೋನುಗಳ ಕಟ್ಟಳೆಯಲ್ಲಿಯೂ ಸೇರಿಕೊಂಡು, ನಮ್ಮ ಜೇಬುಗಳಿಗೇ ಬಂದಿವೆ. ಫೋನು ಆರಿದಾಗ ಅಥವಾ ಸಂಪರ್ಕದ ಎಲ್ಲೆಯಾಚೆ ಇದ್ದಾಗ ತಿರುಗಿಸಲು 62 ಎಂಬ ಇನ್ನೊಂದು ಸೇರಿದೆ. ಇಲ್ಲಿಯೂ ಅಪ್ಪಣೆ ನೆಲೆಸುವುದು ಫೋನಿನಲ್ಲಲ್ಲ, ದೂರವಾಣಿ ಸಂಸ್ಥೆಯ ಕೇಂದ್ರದಲ್ಲಿ.

ಸ್ಟ್ರೌಜರನ ಗುಮಾನಿ ಹೊಸ ವೇಷದಲ್ಲಿ ಮರಳಿ ಬಂದದ್ದೂ ಇಲ್ಲಿಯೇ. ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಮೋಸಗಾರರು ಒಂದು ಉಪಾಯ ಹೂಡಿದರು. ದೂರವಾಣಿ ಸಂಸ್ಥೆಯವರಂತೆಯೋ ಮತ್ತೊಂದು ಸೇವೆಯವರಂತೆಯೋ ಮಾತಾಡಿ, “ನಿಮ್ಮ ಸಿಮ್ಮಿನಲ್ಲಿ ತೊಂದರೆ ಇದೆ, ಸರಿಪಡಿಸಲು ಈ ಅಂಕಿಗಳನ್ನು ಒತ್ತಿ” ಎನ್ನುವುದು. ನಕ್ಷತ್ರ 401 ಎಂದು ಮೊದಲಾಗಿ, ಕೊನೆಗೆ ಅವರದೇ ಒಂದು ಸಂಖ್ಯೆ. ಒತ್ತಿದೊಡನೆ ನಮ್ಮ ಕರೆಗಳೆಲ್ಲ ಅವರ ಫೋನಿಗೆ. ಕಿರುಸಂದೇಶಗಳು ವರ್ಗಾವಣೆಯಾಗುವುದಿಲ್ಲ ನಿಜ. ಆದರೆ ಬ್ಯಾಂಕು ಮೊದಲಾದವುಗಳ ಗುಪ್ತಸಂಖ್ಯೆಯನ್ನು ಕರೆಯ ಮೂಲಕ ಹೇಳಿಸಿಕೊಳ್ಳುವ ಅವಕಾಶವೂ ಹಲವೆಡೆ ಇರುವುದರಿಂದ, ಅದನ್ನು ಕೇಳಿಸಿಕೊಳ್ಳುವ ಕಿವಿ ಅವರದಾಗುತ್ತದೆ. ಫೋನು ಕೆಟ್ಟಿಲ್ಲ, ಕಳೆದಿಲ್ಲ, ಸುಮ್ಮನಿರುತ್ತದೆ, ಅಷ್ಟೆ. ಆ ಮೌನವೇ ಅಪಾಯದ ಗುರುತು. ಇಂಥ ದೂರುಗಳ ಮೇಲೆ ಭಾರತ ಸರ್ಕಾರದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ, ಅಂಕಿಗಳನ್ನು ಒತ್ತಿ ಕರೆ ವರ್ಗಾಯಿಸುವ ಈ ಬಗೆಯ ಸೇವೆಯನ್ನು ಮುಂದಿನ ಆದೇಶದವರೆಗೆ ನಿಲ್ಲಿಸಬೇಕೆಂದು ಮೊಬೈಲ್ ಸಂಸ್ಥೆಗಳಿಗೆ ಆಜ್ಞೆ ಮಾಡಿತು. ಬೇಕಾದವರಿಗೆ ಬೇರೆ ವಿಧಾನದಿಂದ ಕೊಡಬೇಕೆಂದೂ ಹೇಳಿತು.

ಇಲಾಖೆಯ ಆಜ್ಞೆ ಒಂದು ಬಾಗಿಲನ್ನು ಮುಚ್ಚೀತು. ಮನೆಯ ಎಚ್ಚರ ಮನೆಯವರದೇ. ಆದ್ದರಿಂದ ಈ ವಿಷಯದಲ್ಲಿ ಮೂರು ನಡವಳಿಕೆಗಳನ್ನು ರೂಢಿಸಿಕೊಳ್ಳಬೇಕೆಂದು ನನ್ನ ಬಿನ್ನಹ. ಅಪರಿಚಿತರು ಹೇಳಿಕೊಟ್ಟ ಅಂಕಿಗಳನ್ನು, ಅವರು ಎಷ್ಟೇ ನಯವಾಗಿ ಮಾತಾಡಲಿ, ನಮ್ಮ ಫೋನಿನಲ್ಲಿ ಒತ್ತಬಾರದು. ಅದು ಅರ್ಥ ತಿಳಿಯದ ಕಾಗದಕ್ಕೆ ರುಜು ಹಾಕಿದಂತೆ. ನಾವಾಗಿ ವರ್ಗಾವಣೆ ಮಾಡಿಕೊಂಡರೆ, ಬೇರೊಂದು ಫೋನಿನಿಂದ ನಮ್ಮ ಸಂಖ್ಯೆಗೆ ಒಮ್ಮೆ ಕರೆ ಮಾಡಿ, ಅದು ಎಲ್ಲಿ ಗಂಟೆ ಬಾರಿಸುತ್ತದೆಂದು ಪರೀಕ್ಷಿಸಬೇಕು. ಊರಿಗೆ ಮರಳಿದ ದಿನ ಮರೆಯದೆ ರದ್ದುಮಾಡಬೇಕು. ಆಗಾಗ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕರೆ ವರ್ಗಾವಣೆಯ ಬಾಬನ್ನು ತೆರೆದು, ನಾವು ಬರೆಯದ ಸಂಖ್ಯೆ ಅಲ್ಲಿದೆಯೇ ಎಂದು ನೋಡುತ್ತಿರಬೇಕು. ಇದ್ದರೆ ಅಲ್ಲಿಯೇ ಅಳಿಸಿ, ಸಂಸ್ಥೆಗೂ ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಫೋನನ್ನೂ ಕಿರಿಯರು ಹೀಗೆಯೇ ನೋಡಿಕೊಡಬೇಕು.

ವ್ಯಾಕರಣದಲ್ಲಿ ಕರ್ತೃಪದವನ್ನು ಹೇಳದೆ ಬಿಟ್ಟರೂ ವಾಕ್ಯ ನಡೆಯುತ್ತದೆ; ಕ್ರಿಯಾಪದ ನೋಡಿ ಅವನನ್ನು ಊಹಿಸಿಕೊಳ್ಳುತ್ತೇವೆ. ದೂರವಾಣಿಯಲ್ಲಿ ಆ ಸಲಿಗೆ ಸಲ್ಲದು. ಕೇಂದ್ರ ನಂಬಿಗಸ್ತ ಆಳು. ಯಾರ ತಂತಿಯಿಂದ ಅಪ್ಪಣೆ ಬಂತೋ ಅವರದೇ ಇಚ್ಛೆಯೆಂದು ತಿಳಿದು, ಬೇಡವೆನ್ನುವವರೆಗೂ ನಡೆಸುತ್ತದೆ. ಆ ಅಪ್ಪಣೆ ನಮ್ಮದಾಗಿದ್ದರೆ ತಾಯಿಯ ದನಿ ಏಳು ಸಮುದ್ರದಾಚೆಗೂ ಮಗನನ್ನು ಹುಡುಕಿಕೊಂಡು ಬರುತ್ತದೆ. ಮತ್ತೊಬ್ಬರದಾಗಿದ್ದರೆ ಅದೇ ದನಿ ಕಳ್ಳನ ಕಿವಿಗೆ ಬೀಳುತ್ತದೆ.